ವರದಿ ಮೇಲಕ್ಕೆ, ರೋಗಿ ಪಕ್ಕಕ್ಕೆ

2012ರ ಜನವರಿಯಲ್ಲಿ ಉಗಾಂಡಾದ ಆರೋಗ್ಯ ಸಚಿವಾಲಯ ಒಂದು ಆದೇಶ ಹೊರಡಿಸಿತು. ಮೊಬೈಲು, ಕಂಪ್ಯೂಟರು ಹಿಡಿದು ಆರೋಗ್ಯ ಸೇವೆ ಸುಧಾರಿಸಲು ಹೊರಟ ಯೋಜನೆಗಳೆಲ್ಲ ಸಚಿವಾಲಯದ ಒಪ್ಪಿಗೆ ಸಿಗುವವರೆಗೆ ನಿಲ್ಲಬೇಕು ಎಂಬುದು ಅದರ ಸಾರ. ಬಡ ದೇಶವೊಂದು ಪುಕ್ಕಟೆ ಬರುತ್ತಿದ್ದ ತಂತ್ರಜ್ಞಾನಕ್ಕೆ ಬಾಗಿಲು ಹಾಕಿದ್ದು ಹೊರಗಿನಿಂದ ನೋಡಿದರೆ ವಿಚಿತ್ರ. ಆದರೆ ಆ ಯೋಜನೆಗಳನ್ನು ದೇಶದ ನಕ್ಷೆಯ ಮೇಲೆ ಚುಕ್ಕಿಯಿಟ್ಟು ಗುರುತಿಸಿದಾಗ ಚುಕ್ಕಿಯ ಮೇಲೆ ಚುಕ್ಕಿ ಬಿದ್ದು ಗುರುತೇ ಸಿಗದಂತಾಗಿತ್ತು. ಒಬ್ಬ ದಾನಿಯ ತಂತ್ರಾಂಶ ಬಾಣಂತಿಯರನ್ನು ಲೆಕ್ಕ ಹಾಕುತ್ತಿತ್ತು, ಇನ್ನೊಬ್ಬರದು ಮಲೇರಿಯಾ ನೋಡಿಕೊಳ್ಳುತ್ತಿತ್ತು, ಮತ್ತೊಬ್ಬರದು ಔಷಧ ದಾಸ್ತಾನು. ಒಂದರಲ್ಲಿ ಬರೆದದ್ದು ಇನ್ನೊಂದಕ್ಕೆ ತಿಳಿಯದು. ಅನುದಾನ ಮುಗಿದ ದಿನ ತಂತ್ರಾಂಶವೂ ಮುಗಿಯುತ್ತಿತ್ತು. ಪ್ರಯೋಗದ ಹಂತ ದಾಟದೆ ಸಾಯುವ ಯೋಜನೆಗಳ ಈ ರೋಗಕ್ಕೆ ಆ ಕ್ಷೇತ್ರದವರು ‘ಪೈಲಟೈಟಿಸ್’ ಎಂದು ಹೆಸರಿಟ್ಟಿದ್ದಾರೆ.

ಉಗಾಂಡಾ ಕೇಳಿದ್ದು ಇಷ್ಟೇ: ಹೊಸದಾಗಿ ಬರುವುದು ಈಗಾಗಲೇ ಇರುವುದರ ಜೊತೆ ಮಾಹಿತಿ ಹಂಚಿಕೊಳ್ಳುವಂತಿರಲಿ. ಕೇಳಲು ಸಣ್ಣ ಬೇಡಿಕೆ. ಅದನ್ನು ಈಡೇರಿಸುವ ಪ್ರಯತ್ನ ಎರಡು ದಶಕಗಳಿಂದ ಕೆನ್ಯಾ, ರುವಾಂಡಾ, ದಕ್ಷಿಣ ಆಫ್ರಿಕಾ, ಬಾಂಗ್ಲಾದೇಶ, ಭಾರತಗಳಲ್ಲಿ ನಡೆಯುತ್ತಲೇ ಇದೆ. ಯಾರೂ ಮಾಲೀಕರಲ್ಲದ, ಯಾರು ಬೇಕಾದರೂ ಓದಿ ಬಳಸಬಹುದಾದ ಮಾನಕಗಳ ಮೂಲಕ ರೋಗಿಯ ದಾಖಲೆಯನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸುವುದು ಈ ಪ್ರಯತ್ನದ ಗುರಿ. ಇದರಲ್ಲಿ ಯಾವುದು ಬಗೆಹರಿದಿದೆ, ಯಾವುದು ಇನ್ನೂ ಗಂಟಾಗಿಯೇ ಉಳಿದಿದೆ ಎಂದು ನೋಡುವಾಗ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಮಾಹಿತಿ ಮೇಲಕ್ಕೆ, ಅಂದರೆ ಜಿಲ್ಲೆಗೆ, ರಾಜಧಾನಿಗೆ, ದಾನಿಯ ಕಚೇರಿಗೆ ಹರಿಯುವುದನ್ನು ಜಗತ್ತು ಚೆನ್ನಾಗಿಯೇ ಕಲಿತಿದೆ. ರೋಗಿ ಮಾತ್ರ ಮೇಲಕ್ಕೆ ಹೋಗುವುದಿಲ್ಲ. ಅವಳು ಪಕ್ಕದ ಊರಿನ ಆಸ್ಪತ್ರೆಗೆ ಹೋಗುತ್ತಾಳೆ.

ಮೇಲ್ಮುಖ ಹರಿವಿನ ದೊಡ್ಡ ಯಶಸ್ಸು ಡಿಎಚ್‌ಐಎಸ್-2 ಎಂಬ ತಂತ್ರಾಂಶ. ಅದರ ಬೇರು ವರ್ಣಭೇದ ನೀತಿ ಕೊನೆಗೊಂಡ ದಕ್ಷಿಣ ಆಫ್ರಿಕಾದಲ್ಲಿದೆ. ಚೂರುಚೂರಾಗಿದ್ದ ಆರೋಗ್ಯ ಆಡಳಿತವನ್ನು ಒಂದು ಮಾಡಲು 1990ರ ದಶಕದಲ್ಲಿ ಕೇಪ್‌ಟೌನ್ ಸುತ್ತಮುತ್ತ ಶುರುವಾದ ಕೆಲಸ ಆಸ್ಲೋ ವಿಶ್ವವಿದ್ಯಾಲಯದ ಆಸರೆಯಲ್ಲಿ ಬೆಳೆಯಿತು. ಎರಡನೇ ಆವೃತ್ತಿ ಮೊದಲು ಬಳಕೆಗೆ ಬಂದದ್ದು ನಮ್ಮ ನೆರೆಯ ಕೇರಳದಲ್ಲಿ, 2006ರಲ್ಲಿ. ಇಂದು 70ಕ್ಕೂ ಹೆಚ್ಚು ದೇಶಗಳು ಅದನ್ನು ಬಳಸುತ್ತವೆ. ಈ ತಿಂಗಳು ಎಷ್ಟು ಹೆರಿಗೆ, ಎಷ್ಟು ಮಕ್ಕಳಿಗೆ ದಡಾರ ಲಸಿಕೆ, ಯಾವ ಜಿಲ್ಲೆಯಲ್ಲಿ ಮಲೇರಿಯಾ ಏರಿತು ಎಂಬ ಪ್ರಶ್ನೆಗೆ ಅದು ನಕ್ಷೆಯ ಸಮೇತ ಉತ್ತರ ಕೊಡುತ್ತದೆ. ಕಡಿಮೆ ಸಾಧನೆಯೇನಲ್ಲ. ಆದರೆ ಅದರ ಮೂಲ ಬಳಕೆಯಲ್ಲಿ ಇರುವುದು ಸಂಖ್ಯೆಗಳು, ಮನುಷ್ಯರಲ್ಲ. ನಾನ್ನೂರು ಗರ್ಭಿಣಿಯರಲ್ಲಿ ಮೂವತ್ತು ಮಂದಿಗೆ ರಕ್ತಹೀನತೆ ಎಂದು ಅದಕ್ಕೆ ಗೊತ್ತು. ಆ ಮೂವತ್ತರಲ್ಲಿ ಒಬ್ಬಳು ನಡುರಾತ್ರಿ ಜಿಲ್ಲಾಸ್ಪತ್ರೆಯ ಬಾಗಿಲಿಗೆ ಬಂದರೆ ಅವಳ ಹಿಮೋಗ್ಲೋಬಿನ್ ಎಷ್ಟಿತ್ತೆಂದು ಅದು ಹೇಳಲಾರದು.

ಮನುಷ್ಯರ ದಾಖಲೆಯ ಕಥೆ ಕೆನ್ಯಾದ ಎಲ್ಡೊರೆಟ್ ಪಟ್ಟಣದ ಬಳಿಯ ಮೊಸೋರಿಯಟ್ ಎಂಬ ಹಳ್ಳಿಯಲ್ಲಿ ಆರಂಭವಾಗುತ್ತದೆ. ಅಲ್ಲಿನ ಮೋಯ್ ವಿಶ್ವವಿದ್ಯಾಲಯ ಮತ್ತು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ವೈದ್ಯರು ಸೇರಿ 2001ರಲ್ಲಿ ಆ ಆರೋಗ್ಯ ಕೇಂದ್ರದಲ್ಲಿ ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಬರೆದ ಸರಳ ದಾಖಲೆ ವ್ಯವಸ್ಥೆಯೊಂದನ್ನು ಕೂರಿಸಿದರು. ಪ್ರತಿ ರೋಗಿ ಕೇಂದ್ರದಲ್ಲಿ ಕಳೆಯುವ ಸಮಯ 22% ಇಳಿಯಿತು ಎಂದು ಅವರ ಅಧ್ಯಯನ ಹೇಳಿತು. ಅಷ್ಟರಲ್ಲಿ ಎಚ್‌ಐವಿ ಚಿಕಿತ್ಸೆಗೆ ಅಮೆರಿಕದ ‘ಪೆಪ್‌ಫಾರ್’ ಕಾರ್ಯಕ್ರಮದ ಹಣ ಹರಿದುಬಂತು. ರೋಗಿಗಳ ಸಂಖ್ಯೆ ಏರಿ ಆಕ್ಸೆಸ್ ಸಾಲದಾಯಿತು. ಇಂಡಿಯಾನಾದ ರೀಗನ್‌ಸ್ಟ್ರೀಫ್ ಸಂಸ್ಥೆಯ ಪಾಲ್ ಬಯಾಂಡಿಚ್, ಬರ್ಕ್ ಮ್ಯಾಮ್ಲಿನ್ ಮುಂತಾದವರು 2004ರಲ್ಲಿ ‘ಓಪನ್‌ಎಂಆರ್‌ಎಸ್’ ಕೆಲಸ ಶುರುಮಾಡಿದರು. 2006ರಲ್ಲಿ ಅದು ಎಲ್ಡೊರೆಟ್‌ನಲ್ಲಿ, ಬಳಿಕ ರುವಾಂಡಾದ ರ್ವಿಂಕ್ವಾವುವಿನಲ್ಲಿ ಬಳಕೆಗೆ ಬಂತು. ಅದರ ಮೂಲ ಸಂಕೇತ (ಸೋರ್ಸ್ ಕೋಡ್) ಬಹಿರಂಗ, ಯಾರು ಬೇಕಾದರೂ ತೆಗೆದುಕೊಂಡು ತಿದ್ದಿ ಬಳಸಬಹುದು. ಅದರ ನಡುವೆ ಇದ್ದದ್ದು ‘ಕಾನ್ಸೆಪ್ಟ್ ಡಿಕ್ಷನರಿ’. ಹೊಸ ರೋಗ, ಹೊಸ ಪರೀಕ್ಷೆ ಸೇರಿಸಬೇಕಾದರೆ ಪ್ರೋಗ್ರಾಮರ್‌ಗಾಗಿ ಕಾಯದೆ ಆಸ್ಪತ್ರೆಯವರೇ ಆ ಕೋಶಕ್ಕೆ ಒಂದು ನಮೂದು ಸೇರಿಸಿದರೆ ಆಯಿತು.

ಒಂದೇ ತಂತ್ರಾಂಶ ಎಲ್ಲ ಕಡೆ ಇದ್ದರೆ ಹಂಚಿಕೆ ತಾನಾಗಿಯೇ ಆಗುತ್ತದೆ ಎಂದು ಯಾರಿಗಾದರೂ ಅನ್ನಿಸಬಹುದು. ಆಗುವುದಿಲ್ಲ. ಏಕೆ ಎಂಬುದಕ್ಕೆ ಆಫ್ರಿಕಾದವರೆಗೂ ಹೋಗಬೇಕಿಲ್ಲ.

ರಾಯಚೂರು, ಯಾದಗಿರಿ, ಕೊಪ್ಪಳದ ಕಡೆಯಿಂದ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಬರುವ ಹೆಂಗಸೊಬ್ಬಳನ್ನು ತೆಗೆದುಕೊಳ್ಳಿ. ಊರಿನ ಪಿಎಚ್‌ಸಿ ರಿಜಿಸ್ಟರಿನಲ್ಲಿ ಅವಳು ಲಕ್ಷ್ಮವ್ವ. ಬೆಂಗಳೂರಿನ ಒಪಿಡಿ ಚೀಟಿಯಲ್ಲಿ ಲಕ್ಷ್ಮಮ್ಮ. ಆಧಾರ್‌ನಲ್ಲಿ ಲಕ್ಷ್ಮೀ, ಗಂಡನ ಹೆಸರು ಬಾಲಕ್ಕೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಅದೇ ಹೆಸರಿಗೆ ನಾಲ್ಕಾರು ಕಾಗುಣಿತ. ವಯಸ್ಸು ಕೇಳಿದರೆ ಮೂವತ್ತೈದೋ ನಲವತ್ತೋ. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಕಂಪ್ಯೂಟರ್ ಜನವರಿ 1 ಎಂದು ಬರೆದುಕೊಳ್ಳುತ್ತದೆ. ಫೋನ್ ನಂಬರು ಮೇಸ್ತ್ರಿಯದು. ಇವಳೂ ಅವಳೂ ಒಬ್ಬಳೇ ಎಂದು ಯಂತ್ರ ತೀರ್ಮಾನಿಸುವುದು ಹೇಗೆ?

ಈ ಪ್ರಶ್ನೆಗೆ ಗಣಿತದ ಉತ್ತರ ಹಳೆಯದು. ಐವಾನ್ ಫೆಲೆಗಿ ಮತ್ತು ಅಲನ್ ಸಂಟರ್ 1969ರಲ್ಲಿ ಎರಡು ದಾಖಲೆಗಳು ಒಬ್ಬ ವ್ಯಕ್ತಿಯದೇ ಎಂಬ ಸಂಭವವನ್ನು ಲೆಕ್ಕಹಾಕುವ ವಿಧಾನ ಕೊಟ್ಟರು. ಹೆಸರು ಹೊಂದಿದರೆ ಇಷ್ಟು ಅಂಕ, ಊರು ಹೊಂದಿದರೆ ಇಷ್ಟು, ಲಿಂಗ ಹೊಂದದಿದ್ದರೆ ಇಷ್ಟು ಕಳೆ. ಸಮಸ್ಯೆ ಇರುವುದು ‘ಹೆಸರು ಹೊಂದುವುದು’ ಎಂಬ ಮೊದಲ ಹೆಜ್ಜೆಯಲ್ಲಿ. ಉಚ್ಚಾರದ ಸಾಮ್ಯ ನೋಡುವ ‘ಸೌಂಡೆಕ್ಸ್’ 1918ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು, ಅಲ್ಲಿನ ಮನೆತನದ ಹೆಸರುಗಳಿಗೆ ಹೊಂದುವಂಥದ್ದು. ಅವ್ವ, ಅಪ್ಪ, ಅಮ್ಮ, ಗೌಡ ಎಂಬ ಬಾಲಗಳು ಊರಿಂದೂರಿಗೆ ಬದಲಾಗುವ ನಾಡಿಗೆ ಅದು ಒಗ್ಗದು. ಮನೆತನದ ಹೆಸರೇ ಇಲ್ಲದ, ಹೆಸರುಗಳ ಕ್ರಮ ಹಿಂದುಮುಂದಾಗುವ ಪೂರ್ವ ಆಫ್ರಿಕಾದ ಸಮುದಾಯಗಳಿಗೂ ಒಗ್ಗದು. ತಪ್ಪಿನಲ್ಲೂ ಎರಡು ಬಗೆ ಇದೆ. ಒಬ್ಬಳನ್ನು ಇಬ್ಬರೆಂದು ತಿಳಿದರೆ ಒಂದು ಪರೀಕ್ಷೆ ಮತ್ತೊಮ್ಮೆ ಆದೀತು, ಕಾಸು ಹೋದೀತು. ಇಬ್ಬರನ್ನು ಒಬ್ಬಳೆಂದು ಕಲಸಿಬಿಟ್ಟರೆ ಒಬ್ಬಳ ಪೆನಿಸಿಲಿನ್ ಅಲರ್ಜಿ ಇನ್ನೊಬ್ಬಳ ಹೆಸರಿನಲ್ಲಿ ಕೂರುತ್ತದೆ, ನಿಜವಾಗಿ ಅಲರ್ಜಿ ಇದ್ದವಳ ಕೈಗೆ ಸೂಜಿ ಚುಚ್ಚುತ್ತಾರೆ. ಎಲ್ಲರಿಗೂ ಒಂದು ನಂಬರ್ ಕೊಟ್ಟರೆ ಮುಗಿಯಿತಲ್ಲ ಎನ್ನುವವರು ನಂಬರು ಕೊಟ್ಟ ನಂತರವೂ ಆ ನಂಬರನ್ನು ಹೊತ್ತು ತರುವುದು ಮನುಷ್ಯರೇ ಎಂಬುದನ್ನು ಮರೆಯುತ್ತಾರೆ. ಹೆರಿಗೆ ನೋವಿನಲ್ಲಿ ಓಡಿಬಂದವರ ಕೈಯಲ್ಲಿ ಕಾರ್ಡು ಇರುವುದಿಲ್ಲ.

ಗುರುತು ಸಿಕ್ಕಿತು ಎಂದಿಟ್ಟುಕೊಳ್ಳೋಣ. ಮುಂದಿನದು ಅರ್ಥದ ಪ್ರಶ್ನೆ.

ಕೆನ್ಯಾದಲ್ಲಿ ರಕ್ತದ ಸಕ್ಕರೆಯನ್ನು ಸಾಮಾನ್ಯವಾಗಿ ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ ಬರೆಯುತ್ತಾರೆ, ಭಾರತದಲ್ಲಿ ಡೆಸಿಲೀಟರಿಗೆ ಮಿಲಿಗ್ರಾಂ. ಅಲ್ಲಿಯ 7 ಇಲ್ಲಿಯ 126. ಮಾಪಕ ಬಿಟ್ಟು ಬರೀ 7 ಎಂಬ ಅಂಕಿ ಬೆಂಗಳೂರಿನ ತುರ್ತು ವಿಭಾಗಕ್ಕೆ ಬಂದರೆ ವೈದ್ಯರು ರೋಗಿ ಈಗಲೋ ಆಗಲೋ ಎಂದು ಗಾಬರಿಯಾಗುತ್ತಾರೆ. ಒಂದೇ ಊರಿನೊಳಗೂ ಲ್ಯಾಬ್ ಚೀಟಿಯಲ್ಲಿ ‘ಶುಗರ್ 180’ ಎಂದಷ್ಟೇ ಇದ್ದರೆ ಅದು ಖಾಲಿ ಹೊಟ್ಟೆಯದೋ, ಊಟದ ನಂತರದ್ದೋ ತಿಳಿಯದು. ಎರಡಕ್ಕೂ ಚಿಕಿತ್ಸೆ ಬೇರೆ.

ದಾಖಲೆ ಸಾಗುವ ಲಕೋಟೆಯ, ಅಂದರೆ ಸಂದೇಶದ ನಮೂನೆಯ, ಅಳತೆ ಒಂದೇ ಆದರೆ ಸಾಲದು, ಒಳಗಿನ ಕಾಗದವೂ ಇಬ್ಬರಿಗೂ ತಿಳಿಯುವ ಭಾಷೆಯಲ್ಲಿರಬೇಕು. ಆ ಭಾಷೆ ಒದಗಿಸುವುದು ಸಂಕೇತ ಪಟ್ಟಿಗಳು. ಲ್ಯಾಬ್ ಪರೀಕ್ಷೆಗಳಿಗೆ ‘ಲಾಯಿಂಕ್’ ಇದೆ; 1994ರಲ್ಲಿ ಅದೇ ರೀಗನ್‌ಸ್ಟ್ರೀಫ್ ಸಂಸ್ಥೆಯಲ್ಲಿ ಹುಟ್ಟಿದ್ದು, ಬಳಸಲು ಉಚಿತ. ರಕ್ತದ ಹಿಮೋಗ್ಲೋಬಿನ್‌ಗೆ ಅದರಲ್ಲಿ 718-7 ಎಂಬ ಗುರುತು. ರೋಗಲಕ್ಷಣ, ನಿದಾನಗಳಿಗೆ ‘ಸ್ನೋಮೆಡ್ ಸಿಟಿ’ ಇದೆ. ಭಾರತ 2014ರಲ್ಲಿ ಅದರ ಸದಸ್ಯ ದೇಶವಾದ ಕಾರಣ ಇಲ್ಲಿನ ಆಸ್ಪತ್ರೆಗಳಿಗೆ ಪುಕ್ಕಟೆ. ಸದಸ್ಯರಲ್ಲದ ದೇಶಗಳಿಗೆ ಹಾಗಲ್ಲ, ಹಾಗಾಗಿ ಅದನ್ನು ಪೂರ್ತಿ ಮುಕ್ತ ಎನ್ನಲು ಬರುವುದಿಲ್ಲ. ಆಫ್ರಿಕಾದ ಅನೇಕ ಆಸ್ಪತ್ರೆಗಳು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಬೆಳೆದ ‘ಸಿಯೆಲ್’ ಕೋಶವನ್ನು ಬಳಸುತ್ತವೆ. ವೈದ್ಯರು ನಿತ್ಯ ಬಳಸುವ ಮಾತನ್ನು ಈ ದೊಡ್ಡ ಪಟ್ಟಿಗಳ ಸಂಕೇತಗಳಿಗೆ ಹೊಂದಿಸಿಡುವುದು ಅದರ ಕೆಲಸ. ಕೋಶ ಕಟ್ಟುವ ಕೆಲಸಕ್ಕೆ ಸುದ್ದಿಮನೆಯಲ್ಲಿ ಬೆಲೆಯಿಲ್ಲ, ಉದ್ಘಾಟನೆಗೆ ಸಚಿವರು ಬರುವುದಿಲ್ಲ. ಇಡೀ ಕಟ್ಟಡ ನಿಂತಿರುವುದು ಮಾತ್ರ ಇದರ ಮೇಲೆ.

ಇನ್ನು ಲಕೋಟೆ. ಇಲ್ಲಿ ಮಾತ್ರ ಕಳೆದ ಹದಿನೈದು ವರ್ಷಗಳಲ್ಲಿ ನಿಜವಾದ ಕ್ರಾಂತಿಯಾಗಿದೆ. 1987ರಲ್ಲಿ ಸ್ಥಾಪನೆಯಾದ ಎಚ್‌ಎಲ್-ಸೆವೆನ್ ಸಂಸ್ಥೆಯ ಹಳೆಯ ಸಂದೇಶ ಮಾನಕ ಜಗತ್ತಿನ ಆಸ್ಪತ್ರೆಗಳಲ್ಲೆಲ್ಲ ಹರಡಿತ್ತು, ಆದರೆ ಪ್ರತಿ ಆಸ್ಪತ್ರೆಯೂ ತನ್ನದೇ ಒಳನುಡಿ ಬೆಳೆಸಿಕೊಂಡಿತ್ತು. ಅದರ ನಂತರದ ಆವೃತ್ತಿ ಎಷ್ಟು ಜಟಿಲವಾಯಿತೆಂದರೆ ದಸ್ತಾವೇಜು ಓದುವುದಕ್ಕೇ ತಜ್ಞರು ಬೇಕಾದರು. ಮಾನಕದ ಪುಸ್ತಕಕ್ಕೂ ದುಡ್ಡು. 2012ರಲ್ಲಿ ಆ ಸಂಸ್ಥೆ ತನ್ನ ಮಾನಕಗಳನ್ನು ಉಚಿತ ಮಾಡುವುದಾಗಿ ಘೋಷಿಸಿತು. ಅದಕ್ಕೆ ಒಂದು ವರ್ಷ ಮೊದಲು ಆಸ್ಟ್ರೇಲಿಯಾದ ಗ್ರಹಾಂ ಗ್ರೀವ್ ಹೊಸದೊಂದರ ಕರಡು ಬರೆದಿದ್ದರು. ಎಫ್‌ಎಚ್‌ಐಆರ್ ಎಂದು ಬರೆದು ‘ಫೈರ್’ ಎಂದು ಕರೆಯುವ ಈ ಮಾನಕ ಆರೋಗ್ಯ ದಾಖಲೆಯನ್ನು ಸಣ್ಣ ತುಣುಕುಗಳಾಗಿ ಒಡೆಯುತ್ತದೆ. ರೋಗಿ ಒಂದು ತುಣುಕು, ಒಂದು ಬಿಪಿ ಅಳತೆ ಒಂದು ತುಣುಕು, ಬರೆದುಕೊಟ್ಟ ಮಾತ್ರೆ ಇನ್ನೊಂದು. ವೆಬ್ ಪುಟಗಳು ಓಡಾಡುವ ದಾರಿಯಲ್ಲೇ ಇವೂ ಓಡಾಡುತ್ತವೆ. ವೆಬ್‌ಸೈಟ್ ಕಟ್ಟಲು ಬರುವ ಕಂಪಾಲಾದ ಹುಡುಗಿಗೂ ಕಲಬುರಗಿಯ ಹುಡುಗನಿಗೂ ಕೆಲವೇ ವಾರಗಳಲ್ಲಿ ಕೈಗೆಟುಕುವ ವಿದ್ಯೆ ಇದು. ಹಕ್ಕುಸ್ವಾಮ್ಯದ ಹಂಗೂ ಇಲ್ಲ. ಶ್ರೀಮಂತ ದೇಶಗಳ ಆಸ್ಪತ್ರೆ ಉದ್ಯಮಕ್ಕಾಗಿ ಹುಟ್ಟಿದ ಸಾಧನದಿಂದ ಬಡ ದೇಶಗಳಿಗೆ ಇಷ್ಟು ಲಾಭವಾದ ಉದಾಹರಣೆ ವಿರಳ.

ಗುರುತು, ಅರ್ಥ, ಲಕೋಟೆ ಎಂಬ ಈ ಚೂರುಗಳನ್ನು ರುವಾಂಡಾ ಒಂದೆಡೆ ಜೋಡಿಸಲು ಹೊರಟ ಮೊದಲಿಗರಲ್ಲೊಂದು. ಫೈರ್ ಇನ್ನೂ ಕರಡಾಗಿದ್ದ ದಿನಗಳಲ್ಲಿ, ರ್ವಮಗಾನ ಜಿಲ್ಲೆಯ ಗರ್ಭಿಣಿಯರ ಆರೈಕೆಯನ್ನು ಆಯ್ದುಕೊಂಡು ಕೆಲಸ ಶುರುವಾಯಿತು. ಹಳ್ಳಿಯ ಆರೋಗ್ಯ ಕಾರ್ಯಕರ್ತೆ ಎಸ್‌ಎಂಎಸ್ ಮೂಲಕ ಗರ್ಭಿಣಿಯ ವಿವರ ಕಳಿಸುತ್ತಾಳೆ. ಆರೋಗ್ಯ ಕೇಂದ್ರದಲ್ಲಿ ಓಪನ್‌ಎಂಆರ್‌ಎಸ್ ಇದೆ. ಎರಡರ ನಡುವೆ ದಕ್ಷಿಣ ಆಫ್ರಿಕಾದ ಜೆಂಬಿ ಸಂಸ್ಥೆ ಬರೆದ ‘ಓಪನ್‌ಎಚ್‌ಐಎಂ’ ಎಂಬ ಮಧ್ಯವರ್ತಿ. ಸಂದೇಶ ಬಂದೊಡನೆ ಅದು ರೋಗಿಗಳ ನೋಂದಣಿಯನ್ನು ಕೇಳುತ್ತದೆ: ಈಕೆ ಯಾರು? ಆಸ್ಪತ್ರೆಗಳ ನೋಂದಣಿಯನ್ನು ಕೇಳುತ್ತದೆ: ಈ ಕೇಂದ್ರ ನಿಜಕ್ಕೂ ಇದೆಯೇ? ಸಿಬ್ಬಂದಿ ನೋಂದಣಿಯನ್ನು ಕೇಳುತ್ತದೆ: ಕಳಿಸಿದವರು ನಮ್ಮವರೇ? ಪದಕೋಶವನ್ನು ಕೇಳುತ್ತದೆ: ಈ ಸಂಕೇತ ಸರಿಯೇ? ಎಲ್ಲ ಸರಿಯಿದ್ದರೆ ಹಂಚಿಕೆಯ ದಾಖಲೆಗೆ ಸೇರಿಸುತ್ತದೆ. ಅತ್ತ ಕಡೆಯ ಕಂಪ್ಯೂಟರಿಗೆ ಕರೆಂಟ್ ಹೋಗಿದ್ದರೆ ಸಂದೇಶವನ್ನು ಇಟ್ಟುಕೊಂಡು ಆಮೇಲೆ ಮತ್ತೆ ಕಳಿಸುವ ಏರ್ಪಾಡೂ ಅದರಲ್ಲಿದೆ.

ಈ ಅನುಭವದಿಂದಲೇ 2013ರ ಹೊತ್ತಿಗೆ ‘ಓಪನ್‌ಎಚ್‌ಐಇ’ ಎಂಬ ಜಾಗತಿಕ ಬಳಗ ರೂಪುಗೊಂಡಿತು. ಅದು ತಂತ್ರಾಂಶವಲ್ಲ, ನೀಲನಕ್ಷೆ. ಯಾವ ಕೋಣೆಯಲ್ಲಿ ಯಾವ ತಂತ್ರಾಂಶ ಕೂರಿಸುತ್ತೀರೋ ನಿಮಗೆ ಬಿಟ್ಟದ್ದು, ಕೋಣೆಗಳ ನಡುವಿನ ಬಾಗಿಲು ಮಾತ್ರ ಎಲ್ಲರಿಗೂ ಗೊತ್ತಿರುವ ಅಳತೆಯದಾಗಿರಲಿ ಎಂಬುದು ಅದರ ನಿಲುವು. ನಂತರ ಆಫ್ರಿಕಾದ ಹಲವು ದೇಶಗಳ ಡಿಜಿಟಲ್ ಆರೋಗ್ಯ ಯೋಜನೆಗಳು ಈ ನಕ್ಷೆಯನ್ನು ಆಧಾರವಾಗಿಟ್ಟುಕೊಂಡವು. ಕಾಗದದ ಮೇಲೆ ಬರೆದಷ್ಟು ಬೇಗ ನೆಲದ ಮೇಲೆ ಬರಲಿಲ್ಲ ಎಂಬುದೂ ನಿಜ. ಆಸ್ಪತ್ರೆಗಳ ಪಟ್ಟಿ ಮಾಡುವುದೇ ಎಷ್ಟು ಕಷ್ಟವೆಂದು ಯಾವ ಆರೋಗ್ಯ ಇಲಾಖೆಯ ಗುಮಾಸ್ತರನ್ನು ಕೇಳಿದರೂ ಹೇಳುತ್ತಾರೆ. ಮುಚ್ಚಿದ ಉಪಕೇಂದ್ರ ಪಟ್ಟಿಯಲ್ಲಿ ಬದುಕಿರುತ್ತದೆ, ತೆರೆದ ಖಾಸಗಿ ಕ್ಲಿನಿಕ್ ಪಟ್ಟಿಯಲ್ಲಿ ಹುಟ್ಟಿಯೇ ಇರುವುದಿಲ್ಲ.

ಮಾನಕ ಮುಕ್ತವಾಗಿರಬೇಕು ಎಂಬ ಒತ್ತಾಯ ಆದರ್ಶವಾದಿಗಳ ಹಟವೆಂದು ತೋರಬಹುದು. ಹಣದ ಲೆಕ್ಕ ಬೇರೆಯೇ ಹೇಳುತ್ತದೆ. ಕೆನ್ಯಾ 2023ರಲ್ಲಿ ಡಿಜಿಟಲ್ ಆರೋಗ್ಯ ಕಾಯ್ದೆ ತಂದಿತು. ಅದೇ ದೇಶ ಹೊಸ ಆರೋಗ್ಯ ವಿಮೆಗೆಂದು ಕೊಂಡ 104 ಶತಕೋಟಿ ಶಿಲಿಂಗ್‌ಗೂ ಮಿಕ್ಕಿದ ವ್ಯವಸ್ಥೆಯ ಮೇಲೆ ಸರ್ಕಾರಕ್ಕೇ ಒಡೆತನವಿಲ್ಲ ಎಂದು ಅಲ್ಲಿನ ಮಹಾಲೆಕ್ಕಪರಿಶೋಧಕರು 2025ರಲ್ಲಿ ಆಕ್ಷೇಪಿಸಿದರು. ಹತ್ತು ವರ್ಷದ ದಾಖಲೆ ಒಬ್ಬ ಗುತ್ತಿಗೆದಾರನ ಗುಟ್ಟಿನ ಪೆಟ್ಟಿಗೆಯಲ್ಲಿ ಕೂತರೆ ಮುಂದಿನ ಟೆಂಡರ್‌ನಲ್ಲಿ ಬೆಲೆ ಹೇಳುವವನು ಅವನೇ.

ಭಾರತದ ಪ್ರಯತ್ನ ಗಾತ್ರದಲ್ಲಿ ಇವೆಲ್ಲವನ್ನೂ ಮೀರಿಸುತ್ತದೆ. ಎಲೆಕ್ಟ್ರಾನಿಕ್ ಆರೋಗ್ಯ ದಾಖಲೆಯ ಮಾನಕಗಳನ್ನು ಕೇಂದ್ರ ಸರ್ಕಾರ 2013ರಲ್ಲೇ ಪ್ರಕಟಿಸಿ 2016ರಲ್ಲಿ ಪರಿಷ್ಕರಿಸಿತ್ತು. ಪಾಲಿಸಲೇಬೇಕೆಂಬ ಕಟ್ಟುಪಾಡಿಲ್ಲದ್ದರಿಂದ ಅವು ಕಪಾಟಿನಲ್ಲೇ ಉಳಿದವು. 2020ರ ಸ್ವಾತಂತ್ರ್ಯ ದಿನದಂದು ಆರು ಕೇಂದ್ರಾಡಳಿತ ಪ್ರದೇಶಗಳಲ್ಲಿ ಪ್ರಯೋಗವಾಗಿ ಶುರುವಾದ ಯೋಜನೆ 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಎಂಬ ಹೆಸರಿನಲ್ಲಿ ದೇಶಕ್ಕೆಲ್ಲ ಹರಡಿತು. 14 ಅಂಕಿಯ ‘ಆಭಾ’ ಸಂಖ್ಯೆ ಪಡೆದವರು ಈಗ 70 ಕೋಟಿಗೂ ಹೆಚ್ಚು. ದಾಖಲೆ ಯಾವುದೋ ಒಂದು ಕೇಂದ್ರ ಭಂಡಾರಕ್ಕೆ ಹೋಗಿ ಬೀಳುವುದಿಲ್ಲ. ಹುಟ್ಟಿದ ಆಸ್ಪತ್ರೆಯಲ್ಲೇ ಇದ್ದು, ರೋಗಿ ಒಪ್ಪಿಗೆ ಕೊಟ್ಟಾಗ ಫೈರ್ ರೂಪದಲ್ಲಿ ಕೇಳಿದವರಿಗೆ ಹೋಗುತ್ತದೆ. ವಿನ್ಯಾಸ ಚೆನ್ನಾಗಿದೆ, ಇದನ್ನು ಟೀಕಾಕಾರರೂ ಒಪ್ಪಬೇಕು.

ಆದರೂ ಈ ಮಿಷನ್ ಮನೆಮಾತಾದದ್ದು ದಾಖಲೆ ಹಂಚಿಕೆಯಿಂದಲ್ಲ, ‘ಸ್ಕ್ಯಾನ್ ಅಂಡ್ ಶೇರ್’ನಿಂದ. 2022ರಲ್ಲಿ ದೆಹಲಿಯ ಆಸ್ಪತ್ರೆಗಳಲ್ಲಿ ಆರಂಭವಾದ ಈ ಸೌಲಭ್ಯದಲ್ಲಿ ರೋಗಿ ಕ್ಯೂಆರ್ ಕೋಡ್‌ಗೆ ಫೋನ್ ಹಿಡಿದರೆ ಹೆಸರು, ವಯಸ್ಸು, ವಿಳಾಸ ಕೌಂಟರಿಗೆ ಹೋಗಿ ಟೋಕನ್ ಬರುತ್ತದೆ. ಸರತಿ ಸಾಲು ಕರಗಿತು. ಜನರಿಗೆ ಇದರಿಂದ ನಿಜಕ್ಕೂ ಉಪಕಾರವಾಗಿದೆ. ಆದರೆ ಹಂಚಿಕೆಯಾಗುವುದು ವಿಳಾಸ, ಕಾಯಿಲೆಯ ಚರಿತ್ರೆಯಲ್ಲ. ಮಿಷನ್‌ಗೆ ಸೇರುವ ತಂತ್ರಾಂಶಗಳು ಮೂರು ಮೈಲಿಗಲ್ಲು ದಾಟಬೇಕು: ಸಂಖ್ಯೆ ಸೃಷ್ಟಿಸುವುದು, ದಾಖಲೆ ಕೊಡುವುದು, ಬೇರೆಯವರ ದಾಖಲೆ ತರಿಸಿಕೊಳ್ಳುವುದು. ರೋಗಿಯ ಪಾಲಿಗೆ ಬೆಲೆಯಿರುವುದು ಮೂರನೆಯದಕ್ಕೆ. ಎಷ್ಟು ಕೋಟಿ ಸಂಖ್ಯೆ ಹಂಚಿದೆವು ಎಂಬ ಲೆಕ್ಕ ಪತ್ರಿಕೆಗಳಲ್ಲಿ ಬರುತ್ತದೆ. ಒಬ್ಬ ವೈದ್ಯ ತನ್ನ ಮುಂದಿನ ರೋಗಿಯ ಬೇರೆ ಆಸ್ಪತ್ರೆಯ ಹಳೆಯ ದಾಖಲೆಯನ್ನು ಎಷ್ಟು ಸಲ ತೆರೆದು ಓದಿದ ಎಂಬ ಲೆಕ್ಕ ಸುದ್ದಿಯಾಗುವುದಿಲ್ಲ.

ಯುಪಿಐ ಗೆದ್ದಂತೆ ಇದೂ ಗೆಲ್ಲುತ್ತದೆ ಎಂಬ ಮಾತು ಬೆಂಗಳೂರಿನ ತಂತ್ರಜ್ಞಾನ ವಲಯದಲ್ಲಿ ಆಗಾಗ ಕೇಳಿಬರುತ್ತದೆ. ಆದರೆ ಯುಪಿಐಯಲ್ಲಿ ಕೊಡುವವನಿಗೂ ಪಡೆಯುವವನಿಗೂ ಲಾಭ ಆ ಕ್ಷಣವೇ ಕಾಣುತ್ತದೆ. ಆರೋಗ್ಯ ದಾಖಲೆಯಲ್ಲಿ ಕೂತು ಟೈಪ್ ಮಾಡುವುದು ಒಂದು ಆಸ್ಪತ್ರೆ, ಲಾಭ ಆಗುವುದು ಇನ್ನೊಂದಕ್ಕೆ, ಅದೂ ಮುಂದೆಂದೋ. ಖಾಸಗಿ ಆಸ್ಪತ್ರೆಗಂತೂ ಹಳೆಯ ಸ್ಕ್ಯಾನ್ ಕೈಗೆ ಸಿಕ್ಕರೆ ಹೊಸ ಸ್ಕ್ಯಾನಿನ ಬಿಲ್ ತಪ್ಪುತ್ತದೆ. 2023ರಲ್ಲಿ ಕೇಂದ್ರ ಸರ್ಕಾರ ಜೋಡಣೆಯಾದ ದಾಖಲೆಗೆ ಇಷ್ಟು ಎಂದು ಆಸ್ಪತ್ರೆ ಹಾಗೂ ತಂತ್ರಾಂಶ ಕಂಪನಿಗಳಿಗೆ ಪ್ರೋತ್ಸಾಹಧನ ಕೊಡಲು ಶುರುಮಾಡಿದ್ದು ಈ ಕಾರಣಕ್ಕೇ. ಹಾಗೆ ಜೋಡಣೆಯಾಗುವ ದಾಖಲೆ ಪಿಡಿಎಫ್ ಆಗಿರಲೂ ಅವಕಾಶವಿದೆ. ಶುದ್ಧ ಮಾನಕವಾದಿಗಳಿಗೆ ಇದು ಕಿರಿಕಿರಿ. ಆದರೆ ಡಿಸ್ಚಾರ್ಜ್ ಸಮರಿಯ ಪಿಡಿಎಫ್ ಅನ್ನು ಯಂತ್ರ ಅರ್ಥಮಾಡಿಕೊಳ್ಳದಿದ್ದರೂ ರಾಯಚೂರಿನ ವೈದ್ಯರು ಓದಿ ಅರ್ಥಮಾಡಿಕೊಳ್ಳುತ್ತಾರೆ. ಈ ವಿಷಯದಲ್ಲಿ ಪಂಡಿತರು ಸ್ವಲ್ಪ ತಾಳ್ಮೆ ತೋರುವುದು ಒಳ್ಳೆಯದು.

ಹಂಚುವ ಮಾಹಿತಿ ಚಿಕ್ಕದಾದಷ್ಟೂ ದೂರ ಹೋಗುತ್ತದೆ ಎಂಬುದಕ್ಕೆ ಕೋವಿಡ್ ಲಸಿಕೆಯ ಪ್ರಮಾಣಪತ್ರ ಸಾಕ್ಷಿ. ಅದರ ಹಿಂದಿದ್ದ ‘ಡಿವೋಕ್’ ಬೆಂಗಳೂರಿನ ಇಗವ್ ಫೌಂಡೇಶನ್‌ನಲ್ಲಿ ರೂಪುಗೊಂಡ ಮುಕ್ತ ತಂತ್ರಾಂಶ. ಯಾರು, ಯಾವ ಲಸಿಕೆ, ಯಾವ ದಿನ, ಅದರ ಮೇಲೆ ಡಿಜಿಟಲ್ ಸಹಿ, ಇಷ್ಟೇ. ಶ್ರೀಲಂಕಾ, ಫಿಲಿಪ್ಪೀನ್ಸ್ ಕೂಡ ಅದನ್ನೇ ಬಳಸಿದವು. ಈಗ ವಿಶ್ವ ಆರೋಗ್ಯ ಸಂಸ್ಥೆ ಒತ್ತು ಕೊಡುತ್ತಿರುವ ಅಂತರರಾಷ್ಟ್ರೀಯ ರೋಗಿ ಸಾರಾಂಶದ ಹಿಂದಿನ ಯೋಚನೆಯೂ ಇದೇ ಜಾಡಿನದು. ಇಡೀ ಫೈಲು ಬೇಡ, ಅಲರ್ಜಿ, ಸದ್ಯದ ಮಾತ್ರೆ, ಮುಖ್ಯ ಕಾಯಿಲೆ, ಲಸಿಕೆ ಸಿಕ್ಕರೆ ಅಪರಿಚಿತ ವೈದ್ಯರಿಗೆ ಅರ್ಧ ಕೆಲಸ ಆದಂತೆ.

ಗುಟ್ಟಿನ ಪ್ರಶ್ನೆಯನ್ನು ಪಕ್ಕಕ್ಕಿಡುವಂತಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಅದಾಗಿ ನಾಲ್ಕು ವರ್ಷಕ್ಕೆ, ಲಸಿಕೆಗೆಂದು ಆಧಾರ್ ತೋರಿಸಿದ ಅನೇಕರು ತಮ್ಮ ಪ್ರಮಾಣಪತ್ರದ ಮೇಲೆ ಕೇಳದೆಯೇ ಬಂದ ಆರೋಗ್ಯ ಐಡಿಯನ್ನು ಕಂಡರು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಸರ್ವರುಗಳಿಗೆ ಸುಲಿಗೆಕೋರ ತಂತ್ರಾಂಶ ನುಗ್ಗಿ, ದೇಶದ ಪ್ರಮುಖ ಆಸ್ಪತ್ರೆಯೊಂದು ದಿನಗಟ್ಟಲೆ ಕೈಬರಹಕ್ಕೆ ಮರಳಬೇಕಾಯಿತು. ಇನ್ನು ಒಪ್ಪಿಗೆ. ಮಿಷನ್‌ನಲ್ಲಿ ಒಪ್ಪಿಗೆ ಎಂದರೆ ಬಹುಮಟ್ಟಿಗೆ ಫೋನಿಗೆ ಬರುವ ಒಟಿಪಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಸ್ವಂತ ಬಳಕೆಯ ಮೊಬೈಲ್ ಇರುವ ಮಹಿಳೆಯರು ದೇಶದಲ್ಲಿ ಸುಮಾರು 54%. ಉಳಿದವರ ಒಟಿಪಿ ಗಂಡನ, ಮಗನ ಫೋನಿಗೆ ಹೋಗುತ್ತದೆ. ಗರ್ಭಪಾತ, ಮನೋರೋಗ, ಎಚ್‌ಐವಿ ಚಿಕಿತ್ಸೆಯ ದಾಖಲೆಗೆ ಯಾರು ಒಪ್ಪಿಗೆ ಕೊಟ್ಟಂತಾಯಿತು? ಎಚ್‌ಐವಿ ರೋಗಿಯ ಗುಟ್ಟನ್ನು ಕಾಪಾಡಲು 2017ರದೇ ಪ್ರತ್ಯೇಕ ಕಾಯ್ದೆಯಿದೆ. ಅದನ್ನು ಒಟಿಪಿಯ ಆರು ಅಂಕಿಗೆ ಭಾಷಾಂತರಿಸುವುದು ಹೇಗೆಂದು ಯಾವ ಮಾನಕವೂ ಹೇಳುವುದಿಲ್ಲ.

ಇಷ್ಟೆಲ್ಲ ಮಾಹಿತಿಯನ್ನು ತುಂಬುವವರು ಯಾರು ಎಂಬ ಪ್ರಶ್ನೆ ಸಮ್ಮೇಳನಗಳಲ್ಲಿ ಕಡೆಗೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಕರ್ನಾಟಕದ ಒಂದು ಉಪಕೇಂದ್ರದಲ್ಲಿ ತಾಯಿ ಕಾರ್ಡಿನ ವಿವರ ಆರ್‌ಸಿಎಚ್ ಪೋರ್ಟಲ್‌ಗೆ, ಕ್ಷಯದ್ದು ನಿಕ್ಷಯ್‌ಗೆ, ಬಿಪಿ-ಶುಗರ್ ಎನ್‌ಸಿಡಿ ಪೋರ್ಟಲ್‌ಗೆ, ಜ್ವರದ ಪ್ರಕರಣ ಐಎಚ್‌ಐಪಿಗೆ, ಲಸಿಕೆ ಯು-ವಿನ್‌ಗೆ, ತಿಂಗಳ ಒಟ್ಟು ಎಚ್‌ಎಂಐಎಸ್‌ಗೆ. ಒಂದೇ ಬಾಣಂತಿ ನಾಲ್ಕು ಕಡೆ ಟೈಪ್ ಆಗುತ್ತಾಳೆ. ಎಲ್ಲವೂ ಮೇಲಕ್ಕೆ ಹೋಗುವ ಕೊಳವೆಗಳೇ. 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತು ಧರಣಿ ಮಾಡಿದಾಗ ಗೌರವಧನದ ಜೊತೆಗೆ ಇನ್ನೊಂದು ದೂರೂ ಇತ್ತು: ಮಾಡಿದ ಕೆಲಸ ಪೋರ್ಟಲ್‌ನಲ್ಲಿ ಕಾಣದೆ ಪ್ರೋತ್ಸಾಹಧನ ಕೈತಪ್ಪುತ್ತಿದೆ. ಮಾಹಿತಿ ಹಂಚಿಕೆಯ ತಾಂತ್ರಿಕ ದೋಷ ಎಂದು ಕಚೇರಿಯಲ್ಲಿ ಕರೆಯುವುದು ಊರಿನಲ್ಲಿ ಒಬ್ಬ ಹೆಂಗಸಿನ ತಿಂಗಳ ಸಂಪಾದನೆ.

ಈ ಗಂಟನ್ನು ಬೇರೆ ತುದಿಯಿಂದ ಬಿಡಿಸಲು ಹೊರಟವರೂ ಇದ್ದಾರೆ. ಛತ್ತೀಸಗಢದ ಗನಿಯಾರಿಯಲ್ಲಿ ಜನ ಸ್ವಾಸ್ಥ್ಯ ಸಹಯೋಗ್ ಆಸ್ಪತ್ರೆಗಾಗಿ ಥಾಟ್‌ವರ್ಕ್ಸ್ ತಂತ್ರಜ್ಞರು ಕಟ್ಟಿದ ‘ಬಹಮ್ನಿ’ ಓಪನ್‌ಎಂಆರ್‌ಎಸ್ ಅನ್ನೇ ತಳಹದಿಯಾಗಿಸಿಕೊಂಡು ಲ್ಯಾಬು, ಬಿಲ್ಲಿಂಗ್‌ಗಳನ್ನು ಜೋಡಿಸಿತು. ಅಲ್ಲಿ ಮೊದಲ ಪ್ರಶ್ನೆ ‘ಇಲಾಖೆಗೆ ಏನು ಬೇಕು’ ಎಂಬುದಾಗಿರಲಿಲ್ಲ. ‘ಎದುರಿಗೆ ಕೂತ ರೋಗಿಯನ್ನು ನೋಡುವ ವೈದ್ಯರಿಗೆ ಏನು ಬೇಕು’ ಎಂಬುದಾಗಿತ್ತು. ಭಾರತದ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮಕ್ಕಾಗಿ ಬೆಂಗಳೂರಿನ ತಂತ್ರಜ್ಞರು ರೂಪಿಸಿದ ‘ಸಿಂಪಲ್’ ಆ್ಯಪ್ ಇನ್ನೂ ಒಂದು ಹೆಜ್ಜೆ ಕೆಳಗಿಳಿದು ಯೋಚಿಸಿತು. ನೆಟ್‌ವರ್ಕ್ ಇಲ್ಲದಿದ್ದರೂ ನರ್ಸ್ ಬರೆದದ್ದು ಫೋನಿನಲ್ಲೇ ಉಳಿಯುತ್ತದೆ, ಸಿಗ್ನಲ್ ಬಂದಾಗ ಹೋಗುತ್ತದೆ. ಕೇಳುವುದು ಬೆರಳೆಣಿಕೆಯ ವಿವರ. ರೋಗಿಯ ಕೈಗೆ ಕ್ಯೂಆರ್ ಕೋಡ್ ಇರುವ ಒಂದು ಕಾಗದದ ಪಾಸ್‌ಪೋರ್ಟ್. ಮುಂದಿನ ಬಾರಿ ಅದನ್ನು ಸ್ಕ್ಯಾನ್ ಮಾಡಿದರೆ ಹೆಸರಿನ ಕಾಗುಣಿತದ ಜಗಳವೇ ಇಲ್ಲ. ಕಾಗದವನ್ನು ಕಂಪ್ಯೂಟರಿನ ಶತ್ರುವೆಂದು ನೋಡದ ಈ ಬುದ್ಧಿ ಬಾಂಗ್ಲಾದೇಶ, ಇಥಿಯೋಪಿಯಾಗಳಲ್ಲೂ ಕೆಲಸಕ್ಕೆ ಬಂತು.

ಮುಕ್ತ ಮಾನಕ, ಮುಕ್ತ ತಂತ್ರಾಂಶ ಎಂಬುದಕ್ಕೆ ಕಠಿಣ ಪರೀಕ್ಷೆ ಬಂದದ್ದು 2025ರ ಜನವರಿಯಲ್ಲಿ, ಅಮೆರಿಕ ತನ್ನ ವಿದೇಶಿ ನೆರವನ್ನು ಇದ್ದಕ್ಕಿದ್ದಂತೆ ತಡೆಹಿಡಿದಾಗ. ಪೆಪ್‌ಫಾರ್‌ನ ದತ್ತಾಂಶ ವ್ಯವಸ್ಥೆಗಳು ಮುಚ್ಚಿದವು, ಆ ನೆರವನ್ನು ಹಂಚುತ್ತಿದ್ದ ಯುಎಸ್‌ಏಡ್ ಸಂಸ್ಥೆ ಆ ವರ್ಷದ ಜುಲೈ ಹೊತ್ತಿಗೆ ಇಲ್ಲವಾಯಿತು. ಓಪನ್‌ಎಂಆರ್‌ಎಸ್ ಆಗಲಿ, ಓಪನ್‌ಎಚ್‌ಐಎಂ ಆಗಲಿ, ಅವುಗಳ ಮೂಲ ಸಂಕೇತವನ್ನು ಯಾರೂ ವಾಪಸ್ ಒಯ್ಯುವಂತಿರಲಿಲ್ಲ. ಮುಕ್ತತೆಯ ಬೆಲೆ ಅಲ್ಲಿ ಕಂಡಿತು. ಆದರೆ ಆಫ್ರಿಕಾದ ಅನೇಕ ದೇಶಗಳಲ್ಲಿ ಸರ್ವರ್ ನೋಡಿಕೊಳ್ಳುತ್ತಿದ್ದವರ, ಡಾಟಾ ಎಂಟ್ರಿ ಮಾಡುತ್ತಿದ್ದವರ ಸಂಬಳ ಆ ನೆರವಿನಿಂದಲೇ ಬರುತ್ತಿತ್ತು. ರೋಗಿಗಳ ನೋಂದಣಿಯಲ್ಲಿ ಜೋಡಿಯಾದ ಹೆಸರುಗಳನ್ನು ಕೂತು ಬಿಡಿಸುವ ಒಬ್ಬರು, ಆಸ್ಪತ್ರೆಗಳ ಪಟ್ಟಿಯನ್ನು ತಿಂಗಳು ತಿಂಗಳು ತಿದ್ದುವ ಒಬ್ಬರು, ಸಂಕೇತ ಕೋಶಕ್ಕೆ ಹೊಸ ಪರೀಕ್ಷೆಯ ಹೆಸರು ಸೇರಿಸುವ ಒಬ್ಬ ವೈದ್ಯ, ಮಧ್ಯವರ್ತಿ ತಂತ್ರಾಂಶದ ಲಾಗ್ ನೋಡುವ ಇಬ್ಬರು ಎಂಜಿನಿಯರರು: ಒಂದು ಸಣ್ಣ ದೇಶದ ಹಂಚಿಕೆ ವ್ಯವಸ್ಥೆ ಉಸಿರಾಡಲು ಕನಿಷ್ಠ ಇಷ್ಟು ಜನ ಬೇಕು. ಇಂಥ ಹುದ್ದೆಗಳು ಆರೋಗ್ಯ ಇಲಾಖೆಗಳ ಮಂಜೂರಾದ ಹುದ್ದೆಗಳ ಪಟ್ಟಿಯಲ್ಲಿ ಕಾಣಸಿಗುವುದು ಇಂದಿಗೂ ಅಪರೂಪ, ನೈರೋಬಿಯಲ್ಲಿ ಹೇಗೋ ಬೆಂಗಳೂರಿನಲ್ಲೂ ಹಾಗೇ.